ಯುದ್ಧನೌಕೆಯ ಮರ, ತೋಟದ ಬೆಂಚು

ಇಂಗ್ಲೆಂಡಿನ ಹಳೆಯ ತೋಟಗಳಲ್ಲಿ ಕೆಲವು ಮರದ ಬೆಂಚುಗಳ ಬೆನ್ನಪಟ್ಟಿಗೆ ಹೆಬ್ಬೆರಳಗಲದ ಒಂದು ಫಲಕ ಹೊಡೆದಿರುತ್ತಾರೆ. ತೀರಿಕೊಂಡವರ ನೆನಪಿಗೆ ಮನೆಯವರು ಹಾಕಿಸುವ ಫಲಕ ಬೇರೆ, ಅದು ಈಗಲೂ ಉಂಟು. ನಾನು ಹೇಳುವ ಫಲಕದಲ್ಲಿ ಇರುವುದು ಹಡಗಿನ ಹೆಸರು: ಈ ಬೆಂಚಿನ ತೇಗ ಇಂಥ ಯುದ್ಧನೌಕೆಯದು ಅಂತ. ನನ್ನ ತಮ್ಮನ ಮಗಳು ಆ ದೇಶದಲ್ಲಿ ಇದ್ದಾಳೆ. ಅಂಥ ಒಂದು ಬೆಂಚಿನ ಫೋಟೋ ಕಳಿಸಿ, "ದೊಡ್ಡಪ್ಪ, ಇದು ನಿಮ್ಮ ಕಡೆಯ ಮರವೇ?" ಎಂದು ಕೇಳಿದ್ದಳು. ಅವಳು ನನ್ನನ್ನೇ ಕೇಳಿದ್ದಕ್ಕೆ ಕಾರಣ ಇದೆ. ನಾನು ನೌಕರಿ ಮಾಡಿದ್ದು ಮರದ ಡಿಪೋದಲ್ಲಿ. ಲಾರಿಯಿಂದ ಇಳಿದ ದಿಮ್ಮಿಗೆ ಟೇಪು ಸುತ್ತುವುದು, ನಂಬರು ಹೊಡೆಸುವುದು, ಲಾಟು ಕಟ್ಟಿಸುವುದು, ಹರಾಜಿನ ದಿನ ಕೊಡೆ ಹಿಡಿದು ನಿಲ್ಲುವುದು. ತೇಗದ ದಿಮ್ಮಿ ಹೊರಟು ಹೋಗುವುದನ್ನು ನೋಡಿದಷ್ಟು ನಾನು ಬೇರೇನನ್ನೂ ನೋಡಿಲ್ಲ. ಹೋಗಿ ಎಲ್ಲಿ ಮುಟ್ಟಿತು ಎಂದು ಕೇಳುವ ರೂಢಿ ಡಿಪೋದಲ್ಲಿ ಇರಲಿಲ್ಲ.

ಅದೇ ಹೊತ್ತಿಗೆ ನಮ್ಮ ಮನೆಯಲ್ಲೂ ಬೆಂಚಿನ ಮಾತು ಎದ್ದಿತ್ತು. ಅಂಗಳದಾಚೆ ದಾಸವಾಳದ ಗಿಡಗಳ ಹತ್ತಿರ ಕೂರಲು ಏನಾದರೂ ಬೇಕು ಎಂದು ಹೆಂಡತಿಯ ಬೇಡಿಕೆ. ಯಲ್ಲಾಪುರ ಸೀಮೆಯ ಹಳೆಯ ಮನೆಗಳಲ್ಲಿ ಈ ಬೇಡಿಕೆಯೇ ಹೊಸದು. ಕೂರಲು ಜಗಲಿ ಇದೆ, ಹೊರಗೆ ಕೂರಬೇಕೆಂದರೆ ಕಟ್ಟೆ ಇದೆ. ತೋಟಕ್ಕೆ ಇಳಿಯುವುದು ಅಡಿಕೆಯ ಕೆಲಸಕ್ಕೆ, ಅಲ್ಲಿ ಕೂತವನನ್ನು ಮೈಗಳ್ಳ ಅನ್ನುತ್ತಾರೆ. ಮೇಲಾಗಿ ಜೂನಿನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಮಳೆಗೆ ಹೊರಗಿಟ್ಟ ಮರದ ಸಾಮಾನು ಎಷ್ಟು ವರ್ಷ ಬಂದೀತು? ಅಜ್ಜಂದಿರು ಈ ಪ್ರಶ್ನೆಗೆ ಕಲ್ಲಿನಲ್ಲಿ ಉತ್ತರ ಕೊಟ್ಟಿದ್ದರು. ಅಂಗಳದ ಅಂಚಿಗೆ ಒಂದು ಚಪ್ಪಡಿ ಹಾಸಿದರೆ ಆಯಿತು.

ಮಳೆಗೆ ಜಗ್ಗದ ಮರವೂ ಇದೆ, ಅದು ನಮ್ಮ ಕಾಡಿನದೇ. ತೇಗದ ಚೇಗಿನಲ್ಲಿ ಎಣ್ಣೆಯ ಅಂಶ ಇದೆ. ಅದಕ್ಕೇ ಗೆದ್ದಲು ಹತ್ತಿರ ಬರುವುದಿಲ್ಲ, ನೀರು ಸುಲಭಕ್ಕೆ ಒಳಗೆ ಇಳಿಯುವುದಿಲ್ಲ. ಅದರಲ್ಲಿ ಮರಳಿನ ಅಂಶವೂ ಸೇರಿಕೊಂಡಿರುವುದರಿಂದ ಕೀಸುಳಿಯ ಬಾಯಿ ಬೇಗ ಮೊಂಡಾಗುತ್ತದೆ, ಆಚಾರಿಗಳು ಗೊಣಗುತ್ತಾರೆ. ಹಡಗು ಕಟ್ಟುವವರಿಗೆ ಇವೆಲ್ಲಕ್ಕಿಂತ ಬೇಕಾಗಿದ್ದದ್ದು ಇನ್ನೊಂದು ಗುಣ. ಇಂಗ್ಲೆಂಡಿನ ಓಕ್ ಮರದಲ್ಲಿ ಒಗರು ಜಾಸ್ತಿ, ಅದರೊಳಗೆ ಹೊಡೆದ ಕಬ್ಬಿಣದ ಮೊಳೆಯನ್ನು ಅದು ತಿನ್ನುತ್ತದೆ, ಮೊಳೆ ತುಕ್ಕಾದ ಜಾಗದಲ್ಲಿ ಮರವೂ ಕೆಡುತ್ತದೆ. ತೇಗ ಮೊಳೆಯನ್ನು ತಿನ್ನುವುದಿಲ್ಲ. ನೂರು ವರ್ಷದ ತೇಗದ ತೊಲೆಯಿಂದ ಕಿತ್ತ ಮೊಳೆಯನ್ನು ನೆಟ್ಟಗೆ ಮಾಡಿ ಮತ್ತೆ ಹೊಡೆದದ್ದನ್ನು ನಾನು ಕಂಡಿದ್ದೇನೆ.

ಇದು ಈಸ್ಟ್ ಇಂಡಿಯಾ ಕಂಪನಿಗೆ ಹದಿನೆಂಟನೇ ಶತಮಾನದಲ್ಲೇ ಗೊತ್ತಿತ್ತು. 1736ರಲ್ಲಿ ಸೂರತ್ತಿನಿಂದ ಲವಜಿ ನಸ್ಸರವಾನ್‌ಜಿ ವಾಡಿಯಾ ಎಂಬ ಪಾರ್ಸಿ ಬಡಗಿಯನ್ನು ಕಂಪನಿ ಮುಂಬಯಿಗೆ ಕರೆಸಿಕೊಂಡಿತು. ಅವನ ಮಕ್ಕಳು, ಮೊಮ್ಮಕ್ಕಳು ನೂರು ವರ್ಷಕ್ಕೂ ಮಿಕ್ಕಿ ಅಲ್ಲಿ ಹಡಗು ಕಟ್ಟಿದರು. (ಅದೇ 1736ರಲ್ಲಿ ಲಂಡನ್ನಿನಲ್ಲಿ ಎಡ್ವರ್ಡ್ ಹಾಪಸ್ ಎಂಬುವನು ಮರ ಅಳೆಯುವ ಕೋಷ್ಟಕದ ಪುಸ್ತಕ ತಂದ. ದಿಮ್ಮಿಯ ಸುತ್ತಳತೆಯನ್ನು ನಾಲ್ಕರಿಂದ ಭಾಗಿಸು, ಬಂದದ್ದನ್ನು ಅದರಿಂದಲೇ ಗುಣಿಸು, ಉದ್ದದಿಂದ ಗುಣಿಸು. ನಾನು ಡಿಪೋದಲ್ಲಿ ಮಾಡಿದ್ದು ಅದೇ ಲೆಕ್ಕ. ದುಂಡುಮರದ ನಿಜವಾದ ಗಾತ್ರಕ್ಕಿಂತ ಇದು ನೂರಕ್ಕೆ ಸುಮಾರು ಇಪ್ಪತ್ತೊಂದೂವರೆ ಕಡಿಮೆ ತೋರಿಸುತ್ತದೆ. ಚೌಕ ಮಾಡುವಾಗ ಹೋಗುವ ಸೀಳಿಗೆ ಇದು ಬಿಟ್ಟುಕೊಡುವ ಪಾಲು ಎನ್ನುತ್ತಾರೆ. ಕೊಳ್ಳುವವನ ಕಡೆಗೆ ಒಲಿದ ಅಳತೆ ಎಂದು ನನ್ನ ಅಭಿಪ್ರಾಯ. ಕಾಡು ಇದ್ದವನು ಇಂಥ ಗಣಿತವನ್ನು ಹುಡುಕುತ್ತಿರಲಿಲ್ಲ.)

ಫ್ರಾನ್ಸಿನ ಜೊತೆ ಯುದ್ಧ ಜೋರಾಗಿ ಇಂಗ್ಲೆಂಡಿನಲ್ಲಿ ಓಕ್ ಕೊರತೆಯಾದಾಗ ಮುಂಬಯಿಯ ಹಡಗುಕಟ್ಟೆಗೆ ನೌಕಾದಳದಿಂದಲೇ ಬೇಡಿಕೆ ಬಂತು. 1810ರಲ್ಲಿ ಮಿಂಡನ್, 1813ರಲ್ಲಿ ಕಾರ್ನ್‌ವಾಲಿಸ್, 1815ರಲ್ಲಿ ವೆಲ್ಲೆಸ್ಲಿ, 1817ರಲ್ಲಿ ಟ್ರಿಂಕೋಮಲೀ, 1821ರಲ್ಲಿ ಗ್ಯಾಂಜಿಸ್. ಎಲ್ಲವೂ ತೇಗದವು, ಎಲ್ಲವೂ ವಾಡಿಯಾ ಮನೆತನದ ಕೈಕೆಲಸ. ಟ್ರಿಂಕೋಮಲೀ ಹಡಗಿನ ಅಡಿಮರ ಇಡುವಾಗ ಪಾರ್ಸಿ ಪದ್ಧತಿಯಂತೆ ಬೆಳ್ಳಿಯ ಮೊಳೆ ಹೊಡೆದಿದ್ದರು. ನಾವು ಮನೆ ಕಟ್ಟುವಾಗ ಬಾಗಿಲ ಚೌಕಟ್ಟಿಗೆ ಪೂಜೆ ಮಾಡುವವರಲ್ಲವೇ, ಅದು ನನಗೆ ತೀರ ಹತ್ತಿರದ ಸಂಗತಿ ಅನಿಸಿತು.

ಮರ ಬರುತ್ತಿದ್ದದ್ದು ಪಶ್ಚಿಮ ಕರಾವಳಿಯ ಬೆನ್ನಿಗಿರುವ ಘಟ್ಟದಿಂದ. ವ್ಯಾಪಾರದಲ್ಲಿ ಅದಕ್ಕೆ ಮಲಬಾರ್ ತೇಗ ಎಂದು ಒಂದೇ ಹೆಸರು, ನಮ್ಮ ಕೆನರಾದ ಮರವೂ ಅದರಲ್ಲೇ ಸೇರಿಹೋಯಿತು. ಇಂಗ್ಲಿಷರಿಗಿಂತ ಮೊದಲೇ ಇಲ್ಲಿ ಹಡಗಿಗೆ ತೇಗ ಕಡಿದಿದ್ದಾರೆ. ಹೈದರಾಲಿ ಮಂಗಳೂರಿನಲ್ಲಿ ಕಟ್ಟಿಸಿದ ನೌಕಾಪಡೆಯನ್ನು 1780ರ ಡಿಸೆಂಬರಿನಲ್ಲಿ ಅಡ್ಮಿರಲ್ ಎಡ್ವರ್ಡ್ ಹ್ಯೂಸ್ ಬಂದು ಸುಟ್ಟ. ಟಿಪ್ಪು ಮತ್ತೆ ಕಟ್ಟಿಸಲು ಹೊರಟ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕೆನರಾ ಕಂಪನಿಯ ಕೈಗೆ ಬಂತು, ತೇಗ ರಾಜನ ಮರ ಎಂಬ ಹಳೆಯ ಹಕ್ಕೂ ಜೊತೆಗೇ ಬಂತು. ಹೊಸ ದೊರೆಗಳು ಹಳೆಯ ದೊರೆಗಳ ಎಲ್ಲವನ್ನೂ ಬೈದರು, ಈ ಹಕ್ಕೊಂದನ್ನು ಮಾತ್ರ ಬೈಯಲಿಲ್ಲ.

1806ರಲ್ಲಿ ಕ್ಯಾಪ್ಟನ್ ವಾಟ್ಸನ್ ಎಂಬ ಪೊಲೀಸ್ ಅಧಿಕಾರಿಯನ್ನು ಕಾಡಿನ ಕನ್ಸರ್ವೇಟರ್ ಎಂದು ನೇಮಿಸಿದರು. ಭಾರತದಲ್ಲಿ ಆ ಹುದ್ದೆಗೆ ಅವನೇ ಮೊದಲಿಗ. ಮರುವರ್ಷವೇ ಘೋಷಣೆ ಬಂತು: ಹಿಂದಿನ ಸರಕಾರಗಳಿಗಿದ್ದ ತೇಗದ ಹಕ್ಕು ಇನ್ನು ಕಂಪನಿಯದು, ಅಪ್ಪಣೆ ಇಲ್ಲದೆ ಕಡಿಯುವಂತಿಲ್ಲ. ಅವನನ್ನು ಮರ ಉಳಿಸಲು ನೇಮಿಸಿದ್ದಲ್ಲ, ಹಡಗುಕಟ್ಟೆಗೆ ಮರ ಒದಗಿಸಲು ನೇಮಿಸಿದ್ದು. ಕೆಲವೇ ವರ್ಷದಲ್ಲಿ ಮಲಬಾರಿನ ಮರದ ವ್ಯಾಪಾರವೆಲ್ಲ ವಾಟ್ಸನ್ನನ ಮುಷ್ಟಿಗೆ ಬಂತು, ರೈತರೂ ವರ್ತಕರೂ ಕೂಗೆಬ್ಬಿಸಿದರು. ಕೊನೆಗೆ ಮದರಾಸಿನ ಗವರ್ನರ್ ಥಾಮಸ್ ಮನ್ರೋ ಆ ಹುದ್ದೆಯನ್ನೇ ತೆಗೆಸಿದ. ಮನ್ರೋ ಅಂದರೆ ಕೆನರಾದ ಮೊದಲ ಕಲೆಕ್ಟರ್ ಆಗಿದ್ದವನೇ. ಇಲ್ಲಿಯ ಮಳೆಯನ್ನು ಅವನು ಕಾಗದದ ಮೇಲೆ ಕಾಗದ ಬರೆದು ಶಪಿಸಿದ್ದ. ಆದರೆ ಊರಿನವರ ಕೂಗು ಅವನ ಕಿವಿಗೆ ಬಿದ್ದಿತ್ತು ಎನ್ನುವುದನ್ನು ಒಪ್ಪಬೇಕು.

ಕಡಿಯುವ ಕ್ರಮ ಹೀಗಿತ್ತು. ಹಸಿ ತೇಗ ನೀರಿನಲ್ಲಿ ತೇಲುವುದಿಲ್ಲ. ಆದ್ದರಿಂದ ನಿಂತ ಮರದ ಬುಡದಲ್ಲಿ ತೊಗಟೆಯನ್ನೂ ಒಳಗಿನ ಬಿಳಿ ಪದರವನ್ನೂ ಸುತ್ತಲೂ ಕಡಿದು ಬಿಡುತ್ತಿದ್ದರು. ನೀರು ಏರದೆ ಮರ ನಿಂತಲ್ಲೇ ಸಾಯುತ್ತದೆ, ಎರಡು ಮೂರು ವರ್ಷ ನಿಂತೇ ಒಣಗುತ್ತದೆ. ಆಮೇಲೆ ಉರುಳಿಸಿ, ಕೋಣ ಅಥವಾ ಆನೆಯಿಂದ ಎಳೆಸಿ ಹೊಳೆಗೆ ತರಬೇಕು. ಕೆನರಾದಲ್ಲಿ ಇದು ಮಲಬಾರಿನಷ್ಟು ಸಲೀಸಲ್ಲ. ಹಳಿಯಾಳ, ದಾಂಡೇಲಿ ಕಡೆಯ ದೊಡ್ಡ ತೇಗವೆಲ್ಲ ಘಟ್ಟದ ಮೇಲೆ, ಕಾಳಿ ನದಿ ಅಲ್ಲಿಂದ ಬಂಡೆಯಿಂದ ಬಂಡೆಗೆ ಬೀಳುತ್ತ ಇಳಿಯುತ್ತದೆ. ಕದ್ರಾದ ಕೆಳಗೆ ಮಾತ್ರ ನೀರು ಸಮನಾಗುತ್ತದೆ, ಅಲ್ಲಿಂದ ಕಾರವಾರದ ಅಳಿವೆಯವರೆಗೆ ತೆಪ್ಪ ಕಟ್ಟಿ ತೇಲಿಸಬಹುದು, ಮುಂದೆ ಪತ್ತೇಮಾರಿಯಲ್ಲಿ ಮುಂಬಯಿಗೆ. ಈ ಇಳಿಜಾರಿನ ಕಷ್ಟವೇ ನಮ್ಮ ಮೇಲುಘಟ್ಟದ ತೇಗವನ್ನು ಇನ್ನೊಂದಿಷ್ಟು ಕಾಲ ಉಳಿಸಿತು ಎಂದು ನಾನು ಭಾವಿಸುತ್ತೇನೆ. ಹೊಳೆಗೆ ಹತ್ತಿರದ ಮರ ಮೊದಲು ಹೋಯಿತು. ಮಲಬಾರಿನಲ್ಲಂತೂ 1840ರ ದಶಕಕ್ಕೆ ಕಲೆಕ್ಟರ್ ಕನೋಲಿ ನಿಲಂಬೂರಿನಲ್ಲಿ ತೇಗದ ಬೀಜ ಹಾಕಿಸಿ ತೋಪು ಎಬ್ಬಿಸುವಷ್ಟು ಬರ ಬಂದಿತ್ತು. 1847ರಲ್ಲಿ ಮುಂಬಯಿ ಸರಕಾರವೂ ಡಾಕ್ಟರ್ ಅಲೆಕ್ಸಾಂಡರ್ ಗಿಬ್ಸನ್‌ನನ್ನು ಕನ್ಸರ್ವೇಟರ್ ಮಾಡಿತು. 1862ರಲ್ಲಿ ಉತ್ತರ ಕೆನರಾವನ್ನು ಮದರಾಸಿನಿಂದ ಕಳಚಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದರು. ನಮ್ಮ ಕಡೆಯ ಕಾಡಿನ ಕಾಗದಪತ್ರ ಎರಡು ರಾಜಧಾನಿಗಳಲ್ಲಿ ಹಂಚಿಹೋಗಿದ್ದು ಹೀಗೆ.

ಹಡಗುಗಳಿಗೆ ಬರೋಣ. ತೇಗದ ಹಡಗಿಗೆ ಒಂದು ವಿಚಿತ್ರ ದೋಷ: ಅದು ಹಳತಾಗುವುದಿಲ್ಲ. ಓಕ್ ಹಡಗು ಕೊಳೆತು ತಾನೇ ಜಾಗ ಖಾಲಿ ಮಾಡುತ್ತದೆ. ತೇಗದ್ದು ಕೆಲಸ ಮುಗಿದ ಮೇಲೂ ಗಟ್ಟಿಯಾಗಿಯೇ ಇರುತ್ತದೆ, ಏನು ಮಾಡುವುದೆಂದು ಯಾರಿಗೂ ತೋಚುವುದಿಲ್ಲ. ಕಾರ್ನ್‌ವಾಲಿಸ್ ಹಡಗಿನ ಮೇಲೆ 1842ರಲ್ಲಿ ಅಫೀಮು ಯುದ್ಧ ಮುಗಿಸಿದ ನಾನ್‌ಕಿಂಗ್ ಒಪ್ಪಂದಕ್ಕೆ ಸಹಿ ಬಿತ್ತು. ಆ ಹಡಗನ್ನು ಒಡೆದದ್ದು 1957ರಲ್ಲಿ, ಕಟ್ಟಿ ನೂರನಲವತ್ತನಾಲ್ಕು ವರ್ಷದ ನಂತರ. ವೆಲ್ಲೆಸ್ಲಿ ಥೇಮ್ಸ್ ನದಿಯಲ್ಲಿ ಹುಡುಗರಿಗೆ ನಾವಿಕ ವಿದ್ಯೆ ಕಲಿಸುವ ಶಾಲೆಯಾಗಿ ನಿಂತಿದ್ದಾಗ 1940ರಲ್ಲಿ ಜರ್ಮನ್ ವಿಮಾನದ ಬಾಂಬಿಗೆ ಮುಳುಗಿತು. ಹಾಯಿ ಹಡಗುಗಳ ಕಾಲದ ಯುದ್ಧನೌಕೆ ವಿಮಾನದ ಕೈಲಿ ಸತ್ತದ್ದು ಅದೊಂದೇ. ಗ್ಯಾಂಜಿಸ್ ಶಾಂತಸಾಗರದಲ್ಲಿ ಧ್ವಜನೌಕೆಯಾಗಿ ತಿರುಗಿ, ಕೆನಡಾದ ಸಾಲ್ಟ್‌ಸ್ಪ್ರಿಂಗ್ ದ್ವೀಪದ ಒಂದು ಊರಿಗೆ ತನ್ನ ಹೆಸರು ಬಿಟ್ಟು ಬಂತು. ಗಂಗೆಯ ಹೆಸರಿನ ಊರು ಕೆನಡಾದಲ್ಲಿರುವುದು ಹಾಗೆ. ಆಮೇಲೆ ಅದೂ ಹುಡುಗರ ತರಬೇತಿ ಹಡಗಾಗಿ, 1930ರಲ್ಲಿ ಪ್ಲಿಮತ್ತಿನಲ್ಲಿ ಒಡೆಸಿಕೊಂಡಿತು. ಅದರ ಕ್ಯಾಪ್ಟನ್ ಕೋಣೆಯನ್ನು ಬರ್ಗ್ ದ್ವೀಪದ ಹೋಟೆಲಿನವರು ಕೊಂಡು ತಮ್ಮ ಕಟ್ಟಡಕ್ಕೆ ಜೋಡಿಸಿಕೊಂಡರು. ಟ್ರಿಂಕೋಮಲೀ ಒಂದು ಇಂದಿಗೂ ಹಾರ್ಟ್ಲ್‌ಪೂಲ್ ಬಂದರಿನಲ್ಲಿ ತೇಲುತ್ತಿದೆ, ಟಿಕೆಟು ಕೊಂಡು ಹತ್ತಬಹುದು.

ಹಡಗು ಒಡೆಯುವುದು ಲಂಡನ್ನಿನಲ್ಲಿ ದೊಡ್ಡ ಕಸುಬಾಗಿತ್ತು. ಥೇಮ್ಸ್ ದಂಡೆಯ ಮಿಲ್‌ಬ್ಯಾಂಕಿನಲ್ಲಿ ಕ್ಯಾಸಲ್ ಎಂಬ ಮನೆತನದ ಅಂಗಳ ಇತ್ತು. ಯುದ್ಧನೌಕೆಗಳ ಮೂತಿಗೆ ಕೆತ್ತಿದ ಆಳೆತ್ತರದ ಬೊಂಬೆಗಳನ್ನು ಕಿತ್ತು ಅದರ ಗೇಟಿನ ಬಳಿ ನಿಲ್ಲಿಸಿದ್ದರು, ದಾರಿಹೋಕರು ನಿಂತು ನೋಡುತ್ತಿದ್ದರು. ಒಡೆದ ಮರದಲ್ಲಿ ಸಣ್ಣದು ಸೌದೆಗೆ, ದೊಡ್ಡದು ಕಟ್ಟಡಕ್ಕೆ. ನಡುವಿನದಕ್ಕೆ ಕ್ಯಾಸಲ್‌ನವರು ಒಂದು ಉಪಾಯ ಕಂಡುಕೊಂಡರು: ತೋಟದ ಬೆಂಚು. ಬಣ್ಣ ಬೇಡ, ವಾರ್ನಿಷ್ ಬೇಡ, ಚಳಿಗಾಲಕ್ಕೆ ಒಳಗೆ ಎತ್ತಿಡುವುದು ಬೇಡ ಎಂಬುದೇ ಅದರ ಜಾಹೀರಾತು. ಉತ್ತರದ ಬ್ಲೈತ್ ಬಂದರಿನಲ್ಲಿ ಹ್ಯೂಸ್ ಬೋಲ್ಕೋ ಎಂಬ ಇನ್ನೊಂದು ಕಂಪನಿ ಇದೇ ಹಾದಿ ಹಿಡಿಯಿತು. ಹಡಗಿನ ಹೆಸರಿನ ಫಲಕ ಹೊಡೆಯುವುದು ಇವರೆಲ್ಲರ ವ್ಯಾಪಾರದ ಜಾಣತನ. ಬೆಂಚು ಕೊಂಡವನು ಮರಕ್ಕೆ ಮಾತ್ರ ದುಡ್ಡು ಕೊಡುತ್ತಿರಲಿಲ್ಲ, ನೌಕಾದಳದ ಕೀರ್ತಿಯಲ್ಲಿ ಒಂದು ಪಾಲಿಗೂ ಕೊಡುತ್ತಿದ್ದ.

ಇಲ್ಲಿ ಒಂದು ವಿವರ ಬೇಕು, ಇಲ್ಲದಿದ್ದರೆ ತಮ್ಮನ ಮಗಳ ಪ್ರಶ್ನೆಗೆ ನಾನು ಸುಳ್ಳು ಹೇಳಿದಂತಾಗುತ್ತದೆ. ಬೆಂಚಾದ ಹಡಗುಗಳೆಲ್ಲ ಮುಂಬಯಿಯಲ್ಲಿ ಕಟ್ಟಿದವಲ್ಲ. 1860ರಲ್ಲಿ ನೀರಿಗಿಳಿದ ವಾರಿಯರ್‌ನಿಂದ ಆಚೆಗೆ ಯುದ್ಧನೌಕೆ ಕಬ್ಬಿಣದ್ದಾಯಿತು, ಆದರೂ ತೇಗ ಬಿಡಲಿಲ್ಲ. ವಾರಿಯರ್‌ನ ಪಕ್ಕೆಗೆ ನಾಲ್ಕೂವರೆ ಇಂಚಿನ ಕಬ್ಬಿಣದ ಕವಚ, ಅದರ ಹಿಂದೆ ಹದಿನೆಂಟು ಇಂಚು ದಪ್ಪದ ತೇಗ. ಗುಂಡಿನ ಹೊಡೆತವನ್ನು ನುಂಗಲಿಕ್ಕೆ ಕಬ್ಬಿಣದ ಬೆನ್ನಿಗೆ ಮರ ಬೇಕಾಗಿತ್ತು. ಮುಂದೆ ಉಕ್ಕಿನ ಹಡಗುಗಳ ಕಾಲದಲ್ಲೂ ಮೇಲಿನ ಅಟ್ಟ ತೇಗದ ಹಲಗೆಯದೇ. ಮೊದಲ ಮಹಾಯುದ್ಧ ಮುಗಿದು, 1922ರ ವಾಷಿಂಗ್ಟನ್ ಒಪ್ಪಂದದಂತೆ ದೊಡ್ಡ ಯುದ್ಧನೌಕೆಗಳನ್ನು ಕಡಿಮೆ ಮಾಡಬೇಕಾಗಿ ಬಂದಾಗ ಒಡೆಯುವವರಿಗೆ ಸುಗ್ಗಿ. ತೋಟದ ಬೆಂಚುಗಳಲ್ಲಿ ಬಹುಪಾಲು ಆ ಕಾಲದವು, ಅವುಗಳಿಗೆ ಬಳಸಿದ ಅಟ್ಟದ ಹಲಗೆ ಬಹುಮಟ್ಟಿಗೆ ಬರ್ಮಾದ ತೇಗ, ಏಕೆಂದರೆ ಅಷ್ಟರಲ್ಲಿ ಬ್ರಿಟಿಷರ ಕಣ್ಣು ಅಲ್ಲಿಯ ಮೌಲ್ಮೇನ್ ಬಂದರಿನ ಕಡೆ ತಿರುಗಿ ಎಷ್ಟೋ ಕಾಲವಾಗಿತ್ತು. ತಮ್ಮನ ಮಗಳು ಕಳಿಸಿದ ಫೋಟೋದ ಬೆಂಚು ಅಂಥದ್ದು, ಉಕ್ಕಿನ ಹಡಗಿನದು. "ನಮ್ಮದಲ್ಲ, ನಮ್ಮ ದಾಯಾದಿಗಳದ್ದು" ಎಂದು ಬರೆದೆ.

ಆ ಫೋಟೋವನ್ನು ನಾನು ಬಿಡದೆ ನೋಡಿದ್ದು ಬೆಂಚಿನ ಕಟ್ಟುವಿಕೆಗಾಗಿ. ಇಂಗ್ಲಿಷ್ ತೋಟದಲ್ಲಿ ಚೆಂದದ ಬೆಂಚುಗಳೂ ಇವೆ. ಮುಂದೆ ಹೊಸದಿಲ್ಲಿ ಕಟ್ಟಿದ ಎಡ್ವಿನ್ ಲುಟ್ಯೆನ್ಸ್ 1902ರ ಸುಮಾರಿಗೆ ಲಿಟಲ್ ಥೇಕಮ್ ಎಂಬ ಮನೆಗೆ ಬಳುಕು ಬೆನ್ನಿನ, ಸುರುಳಿ ಕೈಗಳ ಒಂದು ಬೆಂಚು ಬರೆದುಕೊಟ್ಟ. ಅದರ ನಕಲು ಈಗ ಬೆಂಗಳೂರಿನ ರೆಸಾರ್ಟುಗಳಲ್ಲೂ ಸಿಗುತ್ತದೆ. ಹಡಗು ಒಡೆಯುವವರ ಬೆಂಚಿನಲ್ಲಿ ಆ ಬಳುಕು ಇಲ್ಲ. ನಾಲ್ಕು ಚೌಕ ಕಾಲು, ಹಿಂದಿನ ಎರಡು ಮೇಲೇರಿ ಬೆನ್ನಾಗುತ್ತವೆ. ಅಡ್ಡಪಟ್ಟಿ, ಅದರ ಮೇಲೆ ಉದ್ದಕ್ಕೆ ಹಲಗೆ. ಅಟ್ಟದ ಹಲಗೆ ಹೇಗೂ ನೇರ, ಅಗಲ ಕಡಿಮೆ, ದಪ್ಪ ಒಂದೇ ಸಮ. ಅದನ್ನು ಬಗ್ಗಿಸುವ ಗೋಜಿಗೆ ಯಾಕೆ ಹೋಗಬೇಕು? ಸರಳ ಬೆಂಚು ಎಂದು ಇಂದು ಎಲ್ಲರೂ ಮೆಚ್ಚುವ ಆ ಆಕಾರವನ್ನು ರೂಪಿಸಿದ್ದರಲ್ಲಿ ಕಲಾವಿದನಿಗಿಂತ ಕಿತ್ತ ಹಲಗೆಯ ಅಳತೆಯ ಪಾಲೇ ದೊಡ್ಡದು ಎಂದು ನನಗನಿಸುತ್ತದೆ.

ಫಲಕದ ಬಗ್ಗೆ ನನಗೊಂದು ತಕರಾರಿದೆ. ಅದರಲ್ಲಿ ಹಡಗಿನ ಹೆಸರು ಇರುತ್ತದೆ, ಕೆಲವೊಮ್ಮೆ ಅದು ಕಾದಿದ ಯುದ್ಧದ ಹೆಸರು, ಒಡೆದ ಕಂಪನಿಯ ಹೆಸರು. ಕಾಡಿನ ಹೆಸರು ಇರುವುದಿಲ್ಲ. ಡಿಪೋದಲ್ಲಿ ನಾವು ಹೊಡೆಯುತ್ತಿದ್ದ ನಂಬರಿನಲ್ಲಾದರೂ ಮರ ಕಾಡಿನ ಯಾವ ಕೂಪಿನಿಂದ ಬಂತು ಎಂಬುದಕ್ಕೆ ಪುಸ್ತಕದಲ್ಲಿ ದಾಖಲೆ ಇರುತ್ತಿತ್ತು. ಹರಾಜು ಹಿಡಿದವನು ದಿಮ್ಮಿಯ ತುದಿ ಕೊಯ್ದ ದಿನ ಆ ನಂಬರೂ ಹೋಯಿತು, ಅದು ಬೇರೆ ಮಾತು.

ನಮ್ಮ ಬೆಂಚಿಗೆ ಮರ ಎಲ್ಲಿಂದ? ಮನೆಯ ಹಿಂದಿನ ಸೊಪ್ಪಿನ ಬೆಟ್ಟದಲ್ಲಿ ತೇಗ ನಿಂತಿದೆ. ಅಲ್ಲಿಯ ಸೊಪ್ಪು, ದರಕು ನಮ್ಮ ತೋಟಕ್ಕೆ, ತೇಗ ಸರಕಾರಕ್ಕೆ. 1807ರ ಘೋಷಣೆಯ ಮೊಮ್ಮಗ ಅದು, ನಾನು ಆ ಮೊಮ್ಮಗನ ಸಂಬಳ ತಿಂದವನು, ಹಾಗಾಗಿ ದೂರುವುದಿಲ್ಲ. ಆಚಾರಿ ಮೊದಲು ಜಂಬೆ ಹೇಳಿದ, ಮತ್ತಿ ಹೇಳಿದ. ಜಂಬೆ ಗಟ್ಟಿಯೇ, ಹಿಂದೆ ರೈಲು ಹಳಿಯ ಅಡಿಗೆ ಹಾಕುತ್ತಿದ್ದ ಮರ, ಆದರೆ ಎತ್ತಿ ಆಚೀಚೆ ಇಡುವಂಥ ತೂಕ ಅಲ್ಲ. ಕೊನೆಗೆ ಮರ ಸಿಕ್ಕಿದ್ದು ಶಿರಸಿ ರಸ್ತೆಯ ಒಂದು ಹಳೇಮರದ ಅಂಗಡಿಯಲ್ಲಿ. ನಮ್ಮ ಕಡೆಯ ಹಡಗು ಒಡೆಯುವವರು ಇವರೇ. ಮಕ್ಕಳು ಬೆಂಗಳೂರಿಗೆ ಹೋದ ಮೇಲೆ ನಾಲ್ಕಂಕಣದ ಮನೆಯನ್ನು ಕಳಚಿ ಮಾರುತ್ತಾರೆ. ಕೆತ್ತನೆಯ ಕಂಬ ರೆಸಾರ್ಟಿಗೆ, ಬಾಗಿಲು ಅಲಂಕಾರಕ್ಕೆ, ಹೆಂಚು ಯಾರದೋ ಕೊಟ್ಟಿಗೆಗೆ. ಯಾರಿಗೂ ಬೇಡದ ಅಟ್ಟದ ತೊಲೆ, ಜಂತಿ ಮೂಲೆಯಲ್ಲಿ ಬಿದ್ದಿರುತ್ತವೆ, ಹೊಗೆ ಹಿಡಿದು ಕಪ್ಪಾಗಿ. ಉಳಿಯಲ್ಲಿ ಒಂದು ಸೀಳು ತೆಗೆದು ಮೂಸಿದೆ. ತೇಗದ ವಾಸನೆ ಚರ್ಮದ ವಾಸನೆಗೆ ಹತ್ತಿರ, ಎಷ್ಟು ಹಳೆಯದಾದರೂ ಸೀಳಿದರೆ ಏಳುತ್ತದೆ.

ಆಚಾರಿಗೆ ಫೋಟೋ ತೋರಿಸಿದಾಗ ಅವನು ನಕ್ಕ. ಇದರಲ್ಲಿ ತೋರಿಸುವುದಕ್ಕೇನಿದೆ ಎಂಬ ನಗು. ಮೊದಲು ತೊಲೆಯಲ್ಲಿದ್ದ ಮೊಳೆಗಳನ್ನು ಒಂದೊಂದಾಗಿ ಕಿತ್ತ, ಗರಗಸದ ಹಲ್ಲು ಉಳಿಯಬೇಕಲ್ಲ. ಕಾಲಿಗೆ ಎರಡೂವರೆ ಇಂಚಿನ ಚೌಕ. ಆಸನದ ಎತ್ತರ ಹದಿನೇಳು ಇಂಚು, ಆಳ ಹದಿನಾರು. ಹಿಂದಿನ ಕಾಲನ್ನು ಆಸನದಿಂದ ಮೇಲೆ ತುಸು ಓರೆಯಾಗಿ ಕೊಯ್ದ, ಬೆನ್ನು ನೆಟ್ಟಗಿದ್ದರೆ ಶಾಲೆಯ ಬೆಂಚಾಗುತ್ತದೆ ಅಂತ. ಕಾಲಿನಲ್ಲಿ ಚೌಕದ ಕಂಡಿ ಕೊರೆದು, ಅಡ್ಡಪಟ್ಟಿಯ ತುದಿಗೆ ನಾಲಗೆ ತೆಗೆದು ಕೊಡತಿಯಿಂದ ಕೂರಿಸಿದ, ಅಡ್ಡಕ್ಕೆ ಬಿದಿರಿನ ಗೂಟ ಹೊಡೆದ. ಅಂಟು ಬೇಡ ಅಂದ. ಎಣ್ಣೆಯ ಮರಕ್ಕೆ ಅಂಟು ಹಿಡಿಯುವುದು ಕಷ್ಟ, ಅದಕ್ಕೆ ಕಂಡಿ ಬಿಗಿ ಇರಬೇಕು, ಅಷ್ಟೇ. ಆಸನದ ಹಲಗೆಗಳ ನಡುವೆ ಕಿರುಬೆರಳು ಹೋಗುವಷ್ಟು ಸಂದು ಬಿಟ್ಟ, ನೀರು ನಿಲ್ಲದಂತೆ. ಕಾಲಿನ ಬುಡಕ್ಕೆ ಒಂದೊಂದು ಚಪ್ಪಟೆ ಕಲ್ಲು. ತೇಗವಾದರೂ ಅದರ ಕಡಿದ ತುದಿ ಹಸಿಮಣ್ಣಿನಲ್ಲಿ ನಿಲ್ಲಬಾರದು, ನೀರು ಏರುವುದು ಆ ತುದಿಯಿಂದಲೇ.

ಕೆಲಸದ ನಡುವೆ ಅವನ ಅಂಗೈಗೆ ಸೀಳು ಹೊಕ್ಕಿತು. ತೇಗದ ಸೀಳು ಕೀವು ಕಟ್ಟುತ್ತದೆ, ಓಕ್ ಸೀಳಿನಷ್ಟು ಸಾಧು ಅಲ್ಲ ಎಂದು ಬ್ರಿಟಿಷ್ ನಾವಿಕರಲ್ಲಿ ಒಂದು ನಂಬಿಕೆ ಇತ್ತು. ಗುಂಡು ಬಿದ್ದಾಗ ಹಾರುವ ಚಕ್ಕೆಯ ಗಾಯಕ್ಕೆ ಅವರು ಹೆದರುತ್ತಿದ್ದರು. ಇದನ್ನು ಆಚಾರಿಗೆ ಹೇಳಿದೆ. ಅವನು ಸೂಜಿಯಲ್ಲಿ ಸೀಳು ತೆಗೆದು, ಅರಿಸಿನ ಮೆತ್ತಿ, ನಾವಿಕರಿಗೆ ಕೈ ಮೆತ್ತಗೆ ಇದ್ದಿರಬೇಕು ಅಂದ.

ಮುಗಿದ ಮೇಲೆ ಎಣ್ಣೆ ಹಚ್ಚಲೇ ಎಂದು ಕೇಳಿದ. ಬೇಡ ಅಂದೆ. ಒಂದೆರಡು ಮಳೆಗಾಲ ಕಳೆದರೆ ತೇಗ ತಾನೇ ಬೂದಿ ಬಣ್ಣಕ್ಕೆ ತಿರುಗುತ್ತದೆ, ಒಳಗೆ ಏನೂ ಆಗುವುದಿಲ್ಲ. ಹೆಂಡತಿಗೆ ಮಾತ್ರ ಅದು ಸರಿ ಬರಲಿಲ್ಲ, ಬೂದಿ ಬಣ್ಣದ ಮರ ಅಂದರೆ ನೋಡಿಕೊಳ್ಳುವವರಿಲ್ಲದ ಮನೆಯ ಮರ ಎಂದು ಅವಳ ವಾದ. ಆ ಚರ್ಚೆ ಇನ್ನೂ ನಡೆದಿದೆ. ಈ ಮಧ್ಯೆ ಬೆಂಚಿನ ಮೇಲೆ ಹಲಸಿನ ಹಪ್ಪಳ ಒಣಗುತ್ತಿದೆ. ಹಲಗೆ ಬೆಚ್ಚಗೆ ಕಾಯುತ್ತದೆ, ಸಂದಿನಲ್ಲಿ ಗಾಳಿ ಆಡುತ್ತದೆ, ನಾಯಿಗೆ ಎಟುಕುವುದಿಲ್ಲ ಎಂದು ಅಕ್ಕಪಕ್ಕದ ಮನೆಯವರೂ ತಮ್ಮ ಮರಿಗೆ ಹಿಡಿದುಕೊಂಡು ಬರುತ್ತಾರೆ. ಕೂರಬೇಕೆಂದರೆ ನಾನು ಜಗಲಿಗೇ ಹೋಗುತ್ತೇನೆ.